ಯಾರನ್ನು ಹೊರಗಿಟ್ಟು ಗೆದ್ದರು ಎಂಬುದನ್ನೂ ಕೇಳಿ

ಅಮೆರಿಕದ ದಕ್ಷಿಣ ಸೀಮೆಯಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳೇ,

ಟೆನೆಸಿಯ ನಾಕ್ಸ್‌ವಿಲ್‌ನಿಂದ ಈ ಪತ್ರ. ನಿಮ್ಮಲ್ಲಿ ಹಲವರಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಅಪ್ಪನೋ ಅಮ್ಮನೋ ಓದಿ ಹೇಳುತ್ತಾರೆಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ. ಓದಿ ಹೇಳುವವರಿಗೂ ಇದರಲ್ಲಿ ಒಂದೆರಡು ಮಾತಿದೆ.

ಕಳೆದ ರಾಜ್ಯೋತ್ಸವದ ಸಂಜೆ ನಿಮಗೆ ನೆನಪಿರಬಹುದು. ನಮ್ಮ ಕನ್ನಡ ಕೂಟದವರು ಪ್ರತಿ ವರ್ಷದಂತೆ ನವೆಂಬರಿನ ಶನಿವಾರವನ್ನೇ ಆರಿಸಿದ್ದರು. ಈ ಸೀಮೆಯಲ್ಲಿ ನವೆಂಬರಿನ ಶನಿವಾರವೆಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಒಳಗೆ ವೇದಿಕೆಯ ಮೇಲೆ ಕೋಲಾಟ ನಡೆಯುತ್ತಿತ್ತು. ಹೊರಗಿನ ಮೊಗಸಾಲೆಯಲ್ಲಿ ನೀವು ಹತ್ತು ಹನ್ನೆರಡು ಮಂದಿ ಒಂದು ಫೋನಿನ ಸುತ್ತ ತಲೆ ಕೂಡಿಸಿ ನಿಂತಿದ್ದಿರಿ. ಫೋನಿನಲ್ಲಿನ ಫುಟ್‌ಬಾಲ್ ಆಟ ಮುಗಿದ ಮೇಲೂ ನೀವು ಕದಲಲಿಲ್ಲ, ವಾದ ಶುರುವಾಗಿತ್ತು. ಎಸ್‌ಇಸಿಯ ಇತಿಹಾಸದಲ್ಲೇ ಅತಿ ದೊಡ್ಡ ತಂಡ ಯಾವುದು? ಕೆಂಪು ಅಂಗಿಯ ಹುಡುಗಿಯೊಬ್ಬಳು 2022ರ ಜಾರ್ಜಿಯಾ ಎಂದಳು: ಹದಿನೈದಕ್ಕೆ ಹದಿನೈದೂ ಗೆಲುವು, ಫೈನಲ್‌ನಲ್ಲಿ ಟಿಸಿಯು ವಿರುದ್ಧ 65–7. ಅವಳ ಮಾತು ಮುಗಿಯುವ ಮೊದಲೇ ಒಬ್ಬ 2019ರ ಎಲ್‌ಎಸ್‌ಯು ಎಂದ, ಇನ್ನೊಬ್ಬ 2020ರ ಅಲಬಾಮಾ ಎಂದ. ಅಷ್ಟರಲ್ಲಿ ಅಲ್ಲೇ ಕುರ್ಚಿಯಲ್ಲಿದ್ದ ಹಿರಿಯರೊಬ್ಬರು, "1961ರ ಅಲಬಾಮಾ ಇಡೀ ವರ್ಷ ಬಿಟ್ಟುಕೊಟ್ಟದ್ದು ಇಪ್ಪತ್ತೈದೇ ಪಾಯಿಂಟು, ನಿಮ್ಮ ಜಾರ್ಜಿಯಾಕ್ಕೆ ಅದು ಸಾಧ್ಯವೇ?" ಎಂದರು. ನಿಮ್ಮಲ್ಲೊಬ್ಬ ಒಂದೇ ಮಾತಿಗೆ ಅದನ್ನು ತಳ್ಳಿಹಾಕಿದ: "1970ಕ್ಕೆ ಮುಂಚಿನದ್ದು ಯಾವುದೂ ಲೆಕ್ಕಕ್ಕಿಲ್ಲ ಅಂಕಲ್."

ಆಗ ನನಗೆ ಹೇಳಬೇಕೆನಿಸಿದ ಮಾತು ಊಟದ ಕರೆ ಬಂದದ್ದರಿಂದ ಉಳಿದುಹೋಯಿತು. ಅದನ್ನೇ ಈಗ ಬರೆಯುತ್ತಿದ್ದೇನೆ.

ಓದಿ ಹೇಳುವ ಹಿರಿಯರಿಗಾಗಿ ಸ್ವಲ್ಪ ವಿವರ. ಇದು ನಮ್ಮ ಕಾಲ್ಚೆಂಡಾಟವಲ್ಲ. ಉದ್ದುಂಡೆಯ ಚೆಂಡನ್ನು ಎದೆಗವಚಿ ಓಡುವ, ಎಸೆಯುವ, ಎದುರಾಳಿಯನ್ನು ಕೆಡಹುವ ಅಮೆರಿಕನ್ ಫುಟ್‌ಬಾಲ್. ಆಡುವವರು ಕಾಲೇಜು ವಿದ್ಯಾರ್ಥಿಗಳು. ವಿಶ್ವವಿದ್ಯಾಲಯಗಳು ಗುಂಪು ಕಟ್ಟಿಕೊಂಡು ತಮ್ಮತಮ್ಮಲ್ಲಿ ಆಡುತ್ತವೆ. ಅಂಥ ಗುಂಪಿಗೆ ಕಾನ್ಫರೆನ್ಸ್ ಎನ್ನುತ್ತಾರೆ. ಸೌತ್‌ಈಸ್ಟರ್ನ್ ಕಾನ್ಫರೆನ್ಸ್, ಅಂದರೆ ಎಸ್‌ಇಸಿ, 1932ರ ಡಿಸೆಂಬರಿನಲ್ಲಿ ಇದೇ ನಾಕ್ಸ್‌ವಿಲ್‌ನ ಸಭೆಯೊಂದರಲ್ಲಿ ಹುಟ್ಟಿತು. ಮೊದಲಿಗೆ 13 ಸದಸ್ಯರು. 2024ರಲ್ಲಿ ಟೆಕ್ಸಸ್, ಒಕ್ಲಹೋಮಾ ಸೇರಿದ ಮೇಲೆ ಈಗ 16. ಆ ಹದಿಮೂರರಲ್ಲಿ ಸಿವಾನಿ ಎಂಬ ಪುಟ್ಟ ಕಾಲೇಜೂ ಇತ್ತು. 1899ರಲ್ಲಿ ರೈಲಿನಲ್ಲಿ ಊರೂರು ಸುತ್ತಿ ಆರು ದಿನದಲ್ಲಿ ಐದು ಪಂದ್ಯ ಗೆದ್ದು ಬಂದ ಕಾಲೇಜು ಅದು, ಒಂದರಲ್ಲೂ ಎದುರಾಳಿಗೆ ಒಂದು ಪಾಯಿಂಟೂ ಸಿಗಲಿಲ್ಲ. ಅದೇ ಸಿವಾನಿ ಎಸ್‌ಇಸಿಯೊಳಗೆ ಆಡಿದ 37 ಪಂದ್ಯಗಳಲ್ಲಿ ಒಂದನ್ನೂ ಗೆಲ್ಲದೆ 1940ರಲ್ಲಿ ಹೊರನಡೆಯಿತು. ನಿಮ್ಮ ಪಟ್ಟಿಗೆ ಅದು ಬರುವುದಿಲ್ಲ, ಆದರೆ ನನಗೆ ಅದರ ಮೇಲೆ ಪ್ರೀತಿ.

ಈ ಆಟಕ್ಕೂ ನನಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಾನು ಓದಿದ್ದು ಹೆಬ್ಬಾಳದಲ್ಲಿ. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಆರಂಭವಾದಾಗ ಅದನ್ನು ಕಟ್ಟಲು ನೆರವಾದದ್ದು ಟೆನೆಸಿ ವಿಶ್ವವಿದ್ಯಾಲಯ. ಅಲ್ಲಿನ ಪ್ರಾಧ್ಯಾಪಕರು ಹೆಬ್ಬಾಳಕ್ಕೆ ಬಂದು ಕೆಲಸ ಮಾಡಿದ್ದರು. ನಮ್ಮ ಮೇಷ್ಟ್ರುಗಳ ಬಾಯಲ್ಲಿ ಟೆನೆಸಿ ಎಂಬ ಹೆಸರು ಪಕ್ಕದ ತಾಲ್ಲೂಕಿನಷ್ಟು ಸಲೀಸಾಗಿ ಬರುತ್ತಿತ್ತು. ಮಣ್ಣಿನ ವಿಜ್ಞಾನ ಓದಲು ನಾನು ನಾಕ್ಸ್‌ವಿಲ್‌ಗೆ ಬಂದದ್ದು ಆ ಹೆಸರನ್ನು ಹಿಡಿದೇ. ಬಂದ ಮೊದಲ ಶನಿವಾರ ಊರಿಗೆ ಊರೇ ಕಿತ್ತಳೆ ಬಣ್ಣ ಉಟ್ಟು ನದಿಯ ದಂಡೆಯ ಕಡೆ ನಡೆಯುವುದನ್ನು ಕಂಡು, ಯಾವುದೋ ತೇರಿರಬೇಕು ಎಂದುಕೊಂಡೆ. ಹಿಂದೆಯೇ ನಡೆದೆ. ನೇಲೆಂಡ್ ಕ್ರೀಡಾಂಗಣದ ಒಳಗಿನ ಆ ಸದ್ದು ಇವತ್ತಿಗೂ ನನ್ನ ಪಕ್ಕೆಯಲ್ಲಿದೆ.

1998ರಲ್ಲಿ ನಾನು ಅಲ್ಲಿದ್ದೆ. ಚೆಂಡು ಎಸೆಯುವ ನಮ್ಮ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ಹಿಂದಿನ ವರ್ಷವೇ ಓದು ಮುಗಿಸಿ ಹೋಗಿದ್ದ, ಇನ್ನು ಟೆನೆಸಿಯ ಕಥೆ ಮುಗಿಯಿತು ಎಂದೇ ಎಲ್ಲರೂ ಅಂದುಕೊಂಡಿದ್ದರು. ಸತತ ಐದು ವರ್ಷ ನಮ್ಮನ್ನು ಸೋಲಿಸಿದ್ದ ಫ್ಲಾರಿಡಾವನ್ನು ಸೆಪ್ಟೆಂಬರಿನಲ್ಲಿ ಹೆಚ್ಚುವರಿ ಅವಧಿಯಲ್ಲಿ 20–17ಕ್ಕೆ ಗೆದ್ದಾಗ ಜನ ಮೈದಾನಕ್ಕೆ ನುಗ್ಗಿ ಗೋಲುಕಂಬ ಕಿತ್ತರು. ನವೆಂಬರಿನ ಅರ್ಕನ್ಸಾಸ್ ಪಂದ್ಯದಲ್ಲಿ ಎರಡು ನಿಮಿಷಕ್ಕೂ ಕಡಿಮೆ ಉಳಿದಿತ್ತು, ನಾವು ಹಿಂದಿದ್ದೆವು, ಚೆಂಡು ಅವರ ಕೈಯಲ್ಲಿತ್ತು. ಅವರ ಕ್ವಾರ್ಟರ್‌ಬ್ಯಾಕ್ ಎಡವಿದ, ನೆಲಕ್ಕೂರಿದ ಕೈಯಿಂದ ಚೆಂಡು ಜಾರಿತು. ನಮ್ಮವರು ಅದನ್ನು ಹಿಡಿದರು, ಟ್ರಾವಿಸ್ ಹೆನ್ರಿ ಐದು ಸಲ ಸಾಲಾಗಿ ನುಗ್ಗಿ ಗೆರೆ ದಾಟಿದ. 28–24. ಪಕ್ಕದಲ್ಲಿದ್ದ, ಅದುವರೆಗೆ ನನ್ನ ಮುಖ ನೋಡದ ಮನುಷ್ಯ ನನ್ನನ್ನು ಅಪ್ಪಿಕೊಂಡು ಅತ್ತ. ಆ ತಂಡ ಹದಿಮೂರೂ ಪಂದ್ಯ ಗೆದ್ದು ದೇಶದ ಚಾಂಪಿಯನ್ ಆಯಿತು. ಹಾಗಿದ್ದೂ ಎಸ್‌ಇಸಿಯ ಅತಿ ದೊಡ್ಡ ತಂಡ ಅದು ಎಂದು ನಾನು ವಾದಿಸುವುದಿಲ್ಲ. ನನಗೆ ಅದು ಅತಿ ಪ್ರಿಯವಾದ ತಂಡ. ಪ್ರಿಯವಾದದ್ದು ಬೇರೆ, ದೊಡ್ಡದು ಬೇರೆ, ವಾದ ಮಾಡುವಾಗ ಇವೆರಡನ್ನೂ ಕಲಸಬೇಡಿ ಎಂಬುದು ನನ್ನ ಮೊದಲ ಕೋರಿಕೆ.

ದೊಡ್ಡದು ಎನ್ನಲು ನಾನು ಕೇಳುವ ಪ್ರಶ್ನೆ, ಯಾರನ್ನು ಗೆದ್ದರು ಎಂಬುದು. ಈ ಅಳತೆಯಲ್ಲಿ ನನ್ನ ಮತ 2019ರ ಎಲ್‌ಎಸ್‌ಯುಗೆ. ಹದಿನೈದು ಗೆಲುವುಗಳಲ್ಲಿ ಏಳು, ಆಡಿದ ದಿನ ದೇಶದ ಮೊದಲ ಹತ್ತರಲ್ಲಿದ್ದ ತಂಡಗಳ ಮೇಲೆ. ಟಸ್ಕಲೂಸಾಕ್ಕೇ ಹೋಗಿ ಅಲಬಾಮಾವನ್ನು 46–41ಕ್ಕೆ, ಕಾನ್ಫರೆನ್ಸ್ ಫೈನಲ್‌ನಲ್ಲಿ ಜಾರ್ಜಿಯಾವನ್ನು 37–10ಕ್ಕೆ, ಆಮೇಲೆ ಒಕ್ಲಹೋಮಾವನ್ನು 63–28ಕ್ಕೆ, ಕೊನೆಗೆ ಕ್ಲೆಮ್ಸನ್ನನ್ನು 42–25ಕ್ಕೆ ಗೆದ್ದರು. ಅವರ ಕ್ವಾರ್ಟರ್‌ಬ್ಯಾಕ್ ಜೋ ಬರೋ ಒಂದೇ ಋತುವಿನಲ್ಲಿ 60 ಟಚ್‌ಡೌನ್ ಪಾಸ್ ಎಸೆದ. ರಕ್ಷಣೆ ಸಡಿಲವಾಗಿತ್ತು, ಓಲ್ ಮಿಸ್‌ಗೆ 37 ಪಾಯಿಂಟು ಬಿಟ್ಟುಕೊಟ್ಟರು ಎನ್ನುತ್ತೀರಿ. ನಿಜ, ಬರಿಯ ರಕ್ಷಣೆ ನೋಡಿದರೆ ನಾನು 2021ರ ಜಾರ್ಜಿಯಾವನ್ನು ಮುಂದಿಡುತ್ತೇನೆ. ಆ ತಂಡದ ಹದಿನೈದು ಮಂದಿ ಮರುವರ್ಷ ವೃತ್ತಿಪರ ತಂಡಗಳಿಗೆ ಆಯ್ಕೆಯಾದರು, ರಕ್ಷಣಾ ಪಡೆಯ ಐವರು ಮೊದಲ ಸುತ್ತಿನಲ್ಲೇ. ಆದರೆ ಕಾನ್ಫರೆನ್ಸ್ ಫೈನಲ್‌ನಲ್ಲಿ ಅದು ಅಲಬಾಮಾಕ್ಕೆ 41–24ರಿಂದ ಸೋತಿತ್ತಲ್ಲ. 2020ರ ಅಲಬಾಮಾದ ಪರವಾಗಿಯೂ ಒಂದು ಮಾತು: ಕೋವಿಡ್ ವರ್ಷವೆಂದು ಅದನ್ನು ಕಡೆಗಣಿಸಬೇಡಿ. ಆ ವರ್ಷ ಎಸ್‌ಇಸಿ ತಂಡಗಳಿಗೆ ಮೈಕೈ ಸಡಿಲಿಸಿಕೊಳ್ಳಲು ಸುಲಭದ ಎದುರಾಳಿಗಳೇ ಇರಲಿಲ್ಲ. ಹತ್ತಕ್ಕೆ ಹತ್ತೂ ಪಂದ್ಯ ತಮ್ಮ ತಮ್ಮಲ್ಲೇ.

ಹಳೆಯ ತಂಡಗಳ ವಿಷಯ ಬಂದಾಗ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ಸಾಲದು. 1939ರಲ್ಲಿ ಟೆನೆಸಿ ಹತ್ತು ಪಂದ್ಯಗಳ ಇಡೀ ಋತುವಿನಲ್ಲಿ ಎದುರಾಳಿಗೆ ಒಂದೇ ಒಂದು ಪಾಯಿಂಟೂ ಕೊಡಲಿಲ್ಲ: 212ಕ್ಕೆ ಸೊನ್ನೆ. ಆಮೇಲೆ ರೋಸ್ ಬೌಲ್‌ನಲ್ಲಿ ಯುಎಸ್‌ಸಿಗೆ 14–0ರಿಂದ ಸೋತರು, ಅದು ಬೇರೆ. ಆ ಕಾಲದಲ್ಲಿ ಆಟಗಾರರನ್ನು ಬದಲಿಸಲು ನಿಯಮ ಸಲೀಸಾಗಿ ಬಿಡುತ್ತಿರಲಿಲ್ಲ, ಅದೇ ಹನ್ನೊಂದು ಮಂದಿ ದಾಳಿಯನ್ನೂ ಮಾಡಬೇಕು ರಕ್ಷಣೆಯನ್ನೂ ಮಾಡಬೇಕು. ಇನ್ನೊಂದು ಬದಲಾವಣೆ ವಿದ್ಯಾರ್ಥಿವೇತನದ್ದು. 1973ರಲ್ಲಿ ಒಂದು ತಂಡಕ್ಕೆ 105 ಎಂಬ ಮಿತಿ ಬರುವವರೆಗೆ ದೊಡ್ಡ ವಿಶ್ವವಿದ್ಯಾಲಯ ಅದಕ್ಕಿಂತ ಹೆಚ್ಚು ಹುಡುಗರನ್ನು ಸೇರಿಸಿಕೊಳ್ಳಬಹುದಿತ್ತು, ಪಕ್ಕದ ತಂಡಕ್ಕೆ ಸಿಗದಿರಲಿ ಎಂದೂ ಸೇರಿಸಿಕೊಳ್ಳಬಹುದಿತ್ತು. ತೊಂಬತ್ತರ ದಶಕದಲ್ಲಿ ಆ ಮಿತಿ 85ಕ್ಕೆ ಇಳಿಯಿತು. ಇಷ್ಟನ್ನು ತಿಳಿದು ಹೋಲಿಸಿ.

ಈಗ ನಿಜವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ.

ನಾನು ವಿದ್ಯಾರ್ಥಿಯಾಗಿದ್ದಾಗ ಪ್ರಯೋಗಾಲಯದಲ್ಲಿ ಕರಿಯ ಜನಾಂಗದ ಹಿರಿಯರೊಬ್ಬರು ಕೆಲಸ ಮಾಡುತ್ತಿದ್ದರು. ಮಣ್ಣನ್ನು ಬೆರಳಲ್ಲಿ ತಿಕ್ಕಿಯೇ ಅದರಲ್ಲಿ ಜೇಡಿ ಎಷ್ಟು ಮರಳು ಎಷ್ಟು ಎಂದು ಹೇಳುತ್ತಿದ್ದವರು. ಹೊಸ ಭಕ್ತನ ಹುರುಪಿನಲ್ಲಿ ನಾನು ಒಂದು ದಿನ ಅವರೆದುರು 1939ರ ಆ ಸೊನ್ನೆಯ ದಾಖಲೆಯನ್ನು ಗಿಣಿಪಾಠ ಒಪ್ಪಿಸಿದೆ. ಅವರು ಜರಡಿ ಕೆಳಗಿಟ್ಟು ಕೇಳಿದರು: "ಆ ವರ್ಷ ಅವರೆದುರು ಆಡಿದವರು ಯಾರೆಂದು ಬಾಯಿಪಾಠ ಮಾಡಿದ್ದೀಯ. ಆಡಲು ಬಿಡದವರು ಯಾರೆಂದು ಗೊತ್ತೇ?" ಅವರ ಅಣ್ಣ ಆಳ ದಕ್ಷಿಣದ ಸಣ್ಣ ಊರೊಂದರಲ್ಲಿ ಎಲ್ಲರೂ ಬೆರಗಾಗುವಂಥ ಓಟಗಾರನಂತೆ. ಮನೆಯ ಜಗಲಿಯಲ್ಲಿ ಕೂತರೆ ದೊಡ್ಡ ವಿಶ್ವವಿದ್ಯಾಲಯದ ಮೈದಾನದ ಕೂಗು ಕೇಳುತ್ತಿತ್ತಂತೆ. ಆ ಮೈದಾನಕ್ಕೆ ಅವನು ಕಾಲಿಡುವ ಹಾಗಿರಲಿಲ್ಲ. ಬಸ್ಸು ಹತ್ತಿ ದೂರದ ಕರಿಯರ ಕಾಲೇಜಿಗೆ ಹೋಗಿ ಆಡಿದ. ಅವನ ಆಟವನ್ನು ಯಾವ ಪತ್ರಿಕೆಯೂ ಬರೆದಿಟ್ಟಿಲ್ಲ. ಅವರು ಸಿಟ್ಟಿನಿಂದ ಹೇಳಲಿಲ್ಲ, ಜರಡಿ ಕೈಗೆತ್ತಿಕೊಂಡು ಕೆಲಸ ಮುಂದುವರಿಸಿದರು. ಅವತ್ತಿನಿಂದ ನಾನು ಆ ದಾಖಲೆಯನ್ನು ಮೊದಲಿನಂತೆ ಒಪ್ಪಿಸಿಲ್ಲ.

ಮಕ್ಕಳೇ, 1933ರಿಂದ 1966ರವರೆಗೆ ಎಸ್‌ಇಸಿಯ ಯಾವ ಫುಟ್‌ಬಾಲ್ ತಂಡದಲ್ಲೂ ಒಬ್ಬನೇ ಒಬ್ಬ ಕರಿಯ ಆಟಗಾರ ಪಂದ್ಯ ಆಡಿರಲಿಲ್ಲ. ಮೂವತ್ತನಾಲ್ಕು ಋತುಗಳು. ನಿಮ್ಮ ಇವತ್ತಿನ ಮೆಚ್ಚಿನ ತಂಡದ ಫೋಟೋ ತೆಗೆದು ನೋಡಿ, ಅದರಲ್ಲಿ ಎಷ್ಟು ಮಂದಿ ಆ ಕಾಲದಲ್ಲಿ ಗೇಟಿನ ಹೊರಗೆ ನಿಂತಿರಬೇಕಾಗಿತ್ತು ಎಂದು ಎಣಿಸಿ. 1939ರ ಸೊನ್ನೆಗೂ 1961ರ ಇಪ್ಪತ್ತೈದಕ್ಕೂ ಈ ಎಣಿಕೆ ಅಂಟಿಕೊಂಡಿದೆ.

ಇಲ್ಲಿನ ಹಿರಿಯರು 1966ರ ಅಲಬಾಮಾದ ಬಗ್ಗೆ ಇವತ್ತಿಗೂ ನೊಂದು ಮಾತಾಡುವುದನ್ನು ನೀವು ಕೇಳಿರಬಹುದು. ತರಬೇತುದಾರ ಬೇರ್ ಬ್ರಯಂಟ್ ಅವರ ಆ ತಂಡ ಹನ್ನೊಂದೂ ಪಂದ್ಯ ಗೆದ್ದಿತು, ಆದರೆ ದೇಶದ ಶ್ರೇಯಾಂಕದಲ್ಲಿ, ತಮ್ಮೊಳಗೆ 10–10ರ ಸಮ ಮಾಡಿಕೊಂಡ ನೋಟ್ರ ಡೇಮ್ ಮೊದಲನೆಯದಾಯಿತು, ಮಿಷಿಗನ್ ಸ್ಟೇಟ್ ಎರಡನೆಯದಾಯಿತು, ಒಂದೂ ಸೋಲದ, ಸಮವೂ ಮಾಡಿಕೊಳ್ಳದ ಅಲಬಾಮಾ ಮೂರನೆಯದು. ಆಟದ ಲೆಕ್ಕದಲ್ಲಿ ಆ ನೋವು ನ್ಯಾಯವೇ. ಆದರೆ ಆ ಮಿಷಿಗನ್ ಸ್ಟೇಟ್ ತಂಡದಲ್ಲಿ ಯಾರಿದ್ದರು ನೋಡಿ. ಟೆಕ್ಸಸ್‌ನ ಬಬ್ಬಾ ಸ್ಮಿತ್, ದಕ್ಷಿಣ ಕ್ಯಾರೊಲಿನಾದ ಜಾರ್ಜ್ ವೆಬ್‌ಸ್ಟರ್, ಉತ್ತರ ಕ್ಯಾರೊಲಿನಾದ ಕ್ವಾರ್ಟರ್‌ಬ್ಯಾಕ್ ಜಿಮ್ಮಿ ರೇ. ಎಲ್ಲರೂ ದಕ್ಷಿಣದ ಮಕ್ಕಳು, ಎಲ್ಲರೂ ಕರಿಯರು. ತಮ್ಮ ನೆಲದ ದೊಡ್ಡ ವಿಶ್ವವಿದ್ಯಾಲಯಗಳು ಬಾಗಿಲು ಹಾಕಿಕೊಂಡದ್ದರಿಂದ ಹಿಮದ ನಾಡಿಗೆ ಹೋದವರು. ಅಲಬಾಮಾದ ಕೈತಪ್ಪಿದ ಪಟ್ಟದ ಬಗ್ಗೆ ಮಾತಾಡುವಾಗ ಇವರ ಕೈತಪ್ಪಿದ್ದನ್ನೂ ಸೇರಿಸಿ ಮಾತಾಡಿ.

1962ರ ಓಲ್ ಮಿಸ್ ಇನ್ನೂ ಕಷ್ಟದ್ದು. ಓಲ್ ಮಿಸ್, ಅಂದರೆ ಮಿಸಿಸಿಪಿ ವಿಶ್ವವಿದ್ಯಾಲಯದ ಇತಿಹಾಸದಲ್ಲಿ ಸೋಲೂ ಸಮವೂ ಇಲ್ಲದೆ ಮುಗಿದ ಒಂದೇ ಋತು ಅದು, ಹತ್ತಕ್ಕೆ ಹತ್ತು. ಅದೇ ವರ್ಷ ಸೆಪ್ಟೆಂಬರ್ 29ರಂದು ಜಾಕ್ಸನ್‌ನಲ್ಲಿ ಕೆಂಟಕಿಯ ವಿರುದ್ಧದ ಪಂದ್ಯದ ವಿರಾಮದಲ್ಲಿ ರಾಜ್ಯಪಾಲ ರಾಸ್ ಬಾರ್ನೆಟ್ ಮೈದಾನದ ನಡುವೆ ನಿಂತು ಮಾತಾಡಿದರು, ತುಂಬಿದ ಕ್ರೀಡಾಂಗಣ ಹುಚ್ಚೆದ್ದು ಕೂಗಿತು. ಜೇಮ್ಸ್ ಮೆರೆಡಿತ್ ಎಂಬ ಒಬ್ಬ ಕರಿಯ ವಿದ್ಯಾರ್ಥಿ ಆ ವಿಶ್ವವಿದ್ಯಾಲಯಕ್ಕೆ ಸೇರಬಾರದು ಎಂಬುದಕ್ಕಾಗಿ ಆ ಕೂಗು. ಮರುರಾತ್ರಿ ಕ್ಯಾಂಪಸ್ಸಿನಲ್ಲಿ ದಂಗೆಯಾಯಿತು, ಇಬ್ಬರು ಸತ್ತರು, ಸೈನ್ಯ ಬಂತು. ಬೆಳಿಗ್ಗೆ ಮೆರೆಡಿತ್ ತರಗತಿಗೆ ಹೋದರು. ತಂಡ ಮುಂದಿನ ಪಂದ್ಯಗಳನ್ನೂ ಗೆಲ್ಲುತ್ತ ಹೋಯಿತು. ಆ ಹುಡುಗರು ಚೆನ್ನಾಗಿ ಆಡಿದರು ಎಂಬುದನ್ನು ನಾನು ಅಲ್ಲಗಳೆಯಲಾರೆ. ಆ ಋತುವನ್ನು ಬರಿಯ ಹತ್ತು ಮತ್ತು ಸೊನ್ನೆ ಎಂದು ಬರೆಯಲೂ ನನ್ನ ಕೈ ಏಳುವುದಿಲ್ಲ.

ಹಾಗೆಂದು "1970ಕ್ಕೆ ಮುಂಚಿನದ್ದು ಲೆಕ್ಕಕ್ಕಿಲ್ಲ" ಎಂದ ಹುಡುಗನ ಮಾತನ್ನೂ ನಾನು ಒಪ್ಪುವುದಿಲ್ಲ. ಮಗು, ನೀನು ಹಾಗೆ ಅಳಿಸಿಬಿಟ್ಟರೆ ನೇಟ್ ನಾರ್ದಿಂಗ್ಟನ್ ಕೂಡ ಅಳಿಸಿಹೋಗುತ್ತಾನೆ. 1967ರ ಸೆಪ್ಟೆಂಬರ್ 30ರಂದು ಲೆಕ್ಸಿಂಗ್ಟನ್‌ನಲ್ಲಿ ಕೆಂಟಕಿಯ ಪರವಾಗಿ ಮೈದಾನಕ್ಕಿಳಿದು ಎಸ್‌ಇಸಿ ಪಂದ್ಯ ಆಡಿದ ಮೊದಲ ಕರಿಯ ಆಟಗಾರನಾದವನು ಅವನು. ಜೊತೆಗೇ ಸೇರಿದ್ದ ಗೆಳೆಯ, ಕೋಣೆಯ ಸಂಗಾತಿ ಗ್ರೆಗ್ ಪೇಜ್ ಅಭ್ಯಾಸದಲ್ಲಿ ಕುತ್ತಿಗೆಗೆ ಪೆಟ್ಟಾಗಿ ಆಸ್ಪತ್ರೆಯಲ್ಲಿದ್ದ. ಪಂದ್ಯದ ಹಿಂದಿನ ರಾತ್ರಿ ತೀರಿಕೊಂಡ. ಮರುದಿನ ನಾರ್ದಿಂಗ್ಟನ್ ಒಬ್ಬನೇ ಇಳಿದ. ಕೆಲವು ವಾರಗಳಲ್ಲಿ ಆ ಒಂಟಿತನ ತಾಳಲಾರದೆ ತಂಡ ಬಿಟ್ಟ. ಹೋಗುವ ಮೊದಲು ಕಿರಿಯರಾದ ವಿಲ್ಬರ್ ಹ್ಯಾಕೆಟ್, ಹ್ಯೂಸ್ಟನ್ ಹಾಗ್ ಇಬ್ಬರಿಗೂ ನೀವು ಮಾತ್ರ ಬಿಡಬೇಡಿ ಎಂದು ಹೇಳಿಹೋದ. ಅವರು ಬಿಡಲಿಲ್ಲ, ಹ್ಯಾಕೆಟ್ ಮುಂದೆ ತಂಡದ ನಾಯಕನೂ ಆದ. 2016ರಿಂದ ಲೆಕ್ಸಿಂಗ್ಟನ್‌ನಲ್ಲಿ ನಾಲ್ವರ ಕಂಚಿನ ಪ್ರತಿಮೆಗಳು ನಿಂತಿವೆ. ಕೆಂಟಕಿಯ ಆ ತಂಡಗಳು ಸೋತದ್ದೇ ಹೆಚ್ಚು, ನಿಮ್ಮ ಯಾವ ಪಟ್ಟಿಗೂ ಬರುವುದಿಲ್ಲ. ಆದರೆ ಅವರು ಅವತ್ತು ಇಳಿಯದಿದ್ದರೆ 2019ರ ಎಲ್‌ಎಸ್‌ಯು ಎಂಬುದು ಇರುತ್ತಿರಲಿಲ್ಲ. ಎಲ್‌ಎಸ್‌ಯು, ಜಾರ್ಜಿಯಾ, ಓಲ್ ಮಿಸ್ ಈ ಮೂರರ ಮುಖ್ಯ ತಂಡಗಳಲ್ಲಿ ಕರಿಯ ಆಟಗಾರ ಆಡಲು 1972 ಬರಬೇಕಾಯಿತು, ಎಲ್ಲರಿಗಿಂತ ಕೊನೆಗೆ.

ನಿಮ್ಮ ಅಪ್ಪ ಅಮ್ಮಂದಿರಿಗೆ ಈ ಕಥೆ ಪರದೇಶದ್ದು ಎನಿಸಬಾರದು. ಪಾಲ್ವಣಕರ್ ಬಾಳೂ ಎಂಬ ಎಡಗೈ ಸ್ಪಿನ್ ಬೌಲರ್ 1876ರಲ್ಲಿ ನಮ್ಮ ಧಾರವಾಡದಲ್ಲೇ ಹುಟ್ಟಿದವರು, ದಲಿತರು. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದರು. ಪುಣೆಯಲ್ಲಿ ಅವರು ಎಸೆದ ಚೆಂಡನ್ನು ಮುಟ್ಟುತ್ತಿದ್ದವರೇ ಅವರಿಗೆ ಚಹಾವನ್ನು ಹೊರಗೆ, ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಿದ್ದರು. ಆ ಕಾಲದ ಮುಂಬೈಯ ಧರ್ಮವಾರು ಪಂದ್ಯಾವಳಿಯಲ್ಲಿ ಹಿಂದೂ ತಂಡದ ನಾಯಕತ್ವ ಅವರಿಗೆ ಕೊನೆಗೂ ಸಿಗಲಿಲ್ಲ, ತಮ್ಮ ವಿಠ್ಠಲನಿಗೆ 1923ರಲ್ಲಿ ಸಿಕ್ಕಿತು. ಈ ಹೆಸರನ್ನು ಮಕ್ಕಳಿಗೆ ಹೇಳಿದ್ದೀರಾ? ಹೇಳಿಲ್ಲವಾದರೆ ಈ ಪತ್ರ ಓದಿ ಮುಗಿಸಿದ ಮೇಲೆ ಹೇಳಿ, ದಯವಿಟ್ಟು.

ಮಕ್ಕಳೇ, ಇನ್ನು ನಿಮ್ಮಿಂದ ನನಗೆ ಬೇಕಾದದ್ದು. ಮುಂದಿನ ಸಲ ಪಟ್ಟಿ ಮಾಡುವಾಗ 1967ಕ್ಕೆ ಮುಂಚಿನ ತಂಡಗಳನ್ನೂ ಸೇರಿಸಿ, ಸೇರಿಸಿದ ಪ್ರತಿ ತಂಡದ ಎದುರು ಆ ವರ್ಷ ಅದರ ಬಾಗಿಲು ಯಾರಿಗೆ ಮುಚ್ಚಿತ್ತು ಎಂದು ಒಂದು ಸಾಲು ಬರೆಯಿರಿ. ಪಕ್ಕದಲ್ಲಿ ಕರಿಯರ ಕಾಲೇಜುಗಳ ಇನ್ನೊಂದು ಪಟ್ಟಿ ಇರಲಿ. ಅದರಲ್ಲಿ ತರಬೇತುದಾರ ಜೇಕ್ ಗೇದರ್ ಬೆಳೆಸಿದ ಫ್ಲಾರಿಡಾ ಎ ಅಂಡ್ ಎಂ ಇರಲಿ. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನೂರು ಮೀಟರ್ ಚಿನ್ನ ಗೆದ್ದ ಬಾಬ್ ಹೇಸ್ ಫುಟ್‌ಬಾಲ್ ಆಡಿದ್ದು ಅಲ್ಲಿ. 1969ರಲ್ಲಿ ಆ ತಂಡಕ್ಕೆ ಬಿಳಿಯರ ವಿಶ್ವವಿದ್ಯಾಲಯವೊಂದರ ಎದುರು ಆಡುವ ಅವಕಾಶ ಕಡೆಗೂ ಸಿಕ್ಕಾಗ ಟ್ಯಾಂಪಾ ವಿಶ್ವವಿದ್ಯಾಲಯವನ್ನು 34–28ಕ್ಕೆ ಸೋಲಿಸಿತು. ಲೂಸಿಯಾನಾದ ಗ್ರ್ಯಾಂಬ್ಲಿಂಗ್ ಇರಲಿ. 1941ರಲ್ಲಿ ಅಲ್ಲಿಗೆ ತರಬೇತುದಾರರಾಗಿ ಬಂದ ಎಡ್ಡಿ ರಾಬಿನ್ಸನ್ 1997ರಲ್ಲಿ ನಿವೃತ್ತರಾಗುವಾಗ 408 ಪಂದ್ಯ ಗೆದ್ದಿದ್ದರು. ನ್ಯಾಶ್‌ವಿಲ್‌ನಲ್ಲಿ ವ್ಯಾಂಡರ್‌ಬಿಲ್ಟ್‌ನಿಂದ ಕೆಲವೇ ಮೈಲಿ ದೂರದ ಟೆನೆಸಿ ಸ್ಟೇಟ್ ಇರಲಿ, ಮಿಸಿಸಿಪಿಯ ಹುಡುಗ ವಾಲ್ಟರ್ ಪೇಟನ್ ಓಡಿದ ಜಾಕ್ಸನ್ ಸ್ಟೇಟ್ ಇರಲಿ. ಎರಡು ಪಟ್ಟಿಗಳನ್ನು ಸೇರಿಸಿ ಒಂದು ಮಾಡಲು ಆಗುವುದಿಲ್ಲ, ಏಕೆಂದರೆ ಅವರನ್ನು ಪರಸ್ಪರ ಆಡಲು ಬಿಡಲೇ ಇಲ್ಲ. ಅದನ್ನೂ ಬರೆಯಿರಿ.

ಮನೆಯ ಹತ್ತಿರ ಆ ಕಾಲ ಕಂಡ ಹಿರಿಯರಿದ್ದರೆ, ಕರಿಯರಿರಲಿ ಬಿಳಿಯರಿರಲಿ, ಹೋಗಿ ಮಾತಾಡಿಸಿ. ಇಂಥವರು ದಿನದಿನಕ್ಕೆ ಕಡಿಮೆಯಾಗುತ್ತಿದ್ದಾರೆ. ನನ್ನ ಪ್ರಯೋಗಾಲಯದ ಹಿರಿಯರು ಈಗಿಲ್ಲ. ಅವರ ಅಣ್ಣನ ಆಟದ ವಿವರಗಳನ್ನು ನಾನು ಸರಿಯಾಗಿ ಕೇಳಿ ಬರೆದಿಟ್ಟುಕೊಳ್ಳಲಿಲ್ಲ. ಆ ಕೊರಗು ನನಗೆ ಉಳಿದಿದೆ.

ಇನ್ನೊಂದು ಕೋರಿಕೆ, ಮೊಗಸಾಲೆಯಲ್ಲಿ ನಿಮ್ಮ ಕೆಲವು ಮಾತು ಕೇಳಿ ಮನಸ್ಸಿಗೆ ನೋವಾದದ್ದರಿಂದ. ಚೆಂಡು ಜಾರಿಸಿದವನನ್ನು, ಕಿಕ್ ತಪ್ಪಿದವನನ್ನು ಬಯ್ಯಬೇಡಿ. ಅವನಿಗೆ ಇಪ್ಪತ್ತು ವರ್ಷ, ನಿಮ್ಮಣ್ಣನ ವಯಸ್ಸು. 1998ರಲ್ಲಿ ನಾನು ಕುಣಿದಾಡಿದಾಗ ಆ ಅರ್ಕನ್ಸಾಸ್ ಹುಡುಗ ಹುಲ್ಲಿನ ಮೇಲೆ ಕೂತಿದ್ದ ರೀತಿಯನ್ನು ನಾನು ಆಗ ನೋಡಲಿಲ್ಲ, ಆಮೇಲೆ ಚಿತ್ರದಲ್ಲಿ ನೋಡಿದೆ. ಬರೋನ ಅರವತ್ತು ಪಾಸುಗಳ ಜೊತೆಗೆ, 2019ರ ಡಿಸೆಂಬರಿನಲ್ಲಿ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನ ಹೈಸ್‌ಮನ್ ಪ್ರಶಸ್ತಿ ಪಡೆದಾಗ ಅವನು ತನ್ನ ಊರಾದ ಓಹಾಯೋದ ಆಥೆನ್ಸ್ ಸೀಮೆಯಲ್ಲಿ ಹಸಿದು ಮನೆಗೆ ಹೋಗುವ ಮಕ್ಕಳ ಬಗ್ಗೆ ಮಾತಾಡಿದ್ದನ್ನೂ ಕೇಳಿ ನೋಡಿ. ಅದನ್ನು ಕೇಳಿದ ಜನ ಅಲ್ಲಿನ ಅನ್ನದ ಭಂಡಾರಕ್ಕೆ ಐದು ಲಕ್ಷ ಡಾಲರಿಗೂ ಹೆಚ್ಚು ಕೊಟ್ಟರು.

ಬರುವ ರಾಜ್ಯೋತ್ಸವಕ್ಕೆ ನಾನು ಮೊಗಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ. ಕೋಲಾಟ ಮುಗಿಯುವವರೆಗೆ ಒಳಗಿದ್ದು ಆಮೇಲೆ ಬನ್ನಿ, ಎರಡೂ ಪಟ್ಟಿ ತನ್ನಿ. ಕೆಂಪು ಅಂಗಿಯ ಹುಡುಗಿ 2022ರ ಜಾರ್ಜಿಯಾದ ಪರವಾಗಿ ಇನ್ನೂ ಗಟ್ಟಿಯಾದ ವಾದ ಸಿದ್ಧಮಾಡಿಕೊಂಡು ಬರಲಿ. ಆ ವರ್ಷ ಓಹಾಯೋ ಸ್ಟೇಟ್ ವಿರುದ್ಧ 42–41ರಲ್ಲಿ ಅದು ಹೇಗೆ ಉಳಿದುಕೊಂಡಿತು ಎಂದು ನಾನು ಕೇಳುವವನೇ.

ಇತಿ ನಿಮ್ಮ ವಿಶ್ವಾಸಿ,
ಹೆಬ್ಬಾಳದಲ್ಲಿ ಓದಿ ನಾಕ್ಸ್‌ವಿಲ್‌ನಲ್ಲಿ ನೆಲೆಸಿದ ಒಬ್ಬ ನಿವೃತ್ತ ಮಣ್ಣು ವಿಜ್ಞಾನಿ